ಸಿಲಿಕಾನ್ ರಿಂಗ್‌ನಲ್ಲಿ ದ್ವಿಸ್ಥಿರತೆ: ಹಿಸ್ಟರಿಸಿಸ್ ಕುಣಿಕೆ ಅಳೆಯುವ ಬಗೆ

ಸಿಲಿಕಾನ್ ರಿಂಗ್ ಎಂದರೆ ಚಿಪ್ ಮೇಲಿನ, ಬೆಳಕು ಸುತ್ತುವ ಪುಟ್ಟ ಉಂಗುರ. ಒಂದೇ ಒಳಶಕ್ತಿಗೆ ಹೊರಬೆಳಕಿನ ಎರಡು ಸ್ಥಿರ ಮಟ್ಟಗಳಿರುವುದೇ ದ್ವಿಸ್ಥಿರತೆ; ಶಕ್ತಿ ಏರುವಾಗ ಮತ್ತು ಇಳಿಯುವಾಗ ಜಿಗಿತಗಳು ಬೇರೆ ಬೇರೆ ಬಿಂದುಗಳಲ್ಲಾಗಿ ಮೂಡುವ ಆಕಾರವೇ ಹಿಸ್ಟರಿಸಿಸ್ ಕುಣಿಕೆ. ಸಿಲಿಕಾನ್ ರಿಂಗ್ ಸ್ವಿಚ್‌ನಲ್ಲಿ ಮೊದಲು ಕಾಣುವ ದ್ವಿಸ್ಥಿರತೆ ಸಾಮಾನ್ಯವಾಗಿ ಬಿಸಿಯಿಂದ ಬಂದದ್ದು, ಕೆರ್ ಪರಿಣಾಮದಿಂದಲ್ಲ (ಬೆಳಕಿನ ತೀವ್ರತೆಯೇ ವಕ್ರೀಭವನ ಸೂಚ್ಯಂಕವನ್ನು ಬದಲಿಸುವುದು). 1550 ನ್ಯಾನೋಮೀಟರ್ ಬೆಳಕಿನ ಎರಡು ಫೋಟಾನ್‌ಗಳನ್ನು ಸಿಲಿಕಾನ್ ಒಟ್ಟಿಗೆ ಹೀರಿದಾಗ ಮುಕ್ತ ವಾಹಕಗಳು (ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಮತ್ತು ರಂಧ್ರಗಳು) ಹುಟ್ಟುತ್ತವೆ. ಅವು ಅನುರಣನವನ್ನು (ರಿಂಗ್ ಬೆಳಕನ್ನು ಹಿಡಿದಿಡುವ ತರಂಗಾಂತರ) ಕಿರು ತರಂಗಾಂತರದತ್ತ ತಳ್ಳಿದರೆ, ಹೀರಿಕೆಯಿಂದಾದ ಶಾಖ ಉದ್ದ ತರಂಗಾಂತರದತ್ತ ಎಳೆಯುತ್ತದೆ. ನಿಧಾನವಾಗಿ ಅಳೆದರೆ ಶಾಖದ್ದೇ ಮೇಲುಗೈ.

ಮೊದಲು ವೇವ್‌ಗೈಡ್‌ನಲ್ಲಿ (ರಿಂಗ್‌ಗೆ ಬೆಳಕು ಒಯ್ಯುವ ಹಾದಿ) ಸುಮಾರು 10 ಮೈಕ್ರೋವ್ಯಾಟ್ ಮಾತ್ರ ಇರಿಸಿ ತಣ್ಣನೆಯ ಅನುರಣನವನ್ನು ದಾಖಲಿಸಿ. ಅನುರಣನದಲ್ಲಿ ಹೊರಬೆಳಕು ಕುಗ್ಗಿ ಕಾಣುವ ತಗ್ಗಿನ ಎರಡೂ ಬದಿ ಒಂದೇ ಇಳಿಜಾರಿನಲ್ಲಿರಬೇಕು. ಒಂದು ಬದಿ ಕಡಿದಾಗಿದ್ದರೆ ಶಕ್ತಿ ಇನ್ನೂ ಹೆಚ್ಚಾಗಿದೆ. ಅನುರಣನದ ಚೂಪನ್ನು ಹೇಳುವ ಕ್ಯೂ ಮೌಲ್ಯ 20,000 ಇದ್ದರೆ ತಗ್ಗಿನ ಅಗಲ ಸುಮಾರು 77 ಪಿಕೋಮೀಟರ್. ಒಂದು ಡಿಗ್ರಿ ಬಿಸಿಯೇ ಅನುರಣನವನ್ನು ಹೆಚ್ಚುಕಡಿಮೆ ಅಷ್ಟೇ ದೂರ ಸರಿಸುತ್ತದೆ. ಹಾಗಾಗಿ ಚಿಪ್‌ನ ತಾಪಮಾನವನ್ನು 0.01 ಡಿಗ್ರಿಯೊಳಗೆ ಹಿಡಿದಿಡಿ.

ಈಗ ಲೇಸರನ್ನು ಅನುರಣನದಿಂದ ಉದ್ದ ತರಂಗಾಂತರದ ಕಡೆಗೆ ಸರಿಸಿ. ಸರಳ ಲೆಕ್ಕದಲ್ಲಿ ಈ ಅಂತರ ತಗ್ಗಿನ ಅಗಲದ 0.87 ಪಾಲನ್ನು ದಾಟಬೇಕು. ಈ ರಿಂಗ್‌ಗೆ 67 ಪಿಕೋಮೀಟರ್. 80ರಿಂದ 100 ಪಿಕೋಮೀಟರ್ ನಡುವೆ ಆರಂಭಿಸುವುದು ಒಳ್ಳೆಯದು. ಹೆಚ್ಚು ದೂರ ಹೋದಷ್ಟೂ ಕುಣಿಕೆ ಅಗಲವಾಗುತ್ತದೆ, ಬೇಕಾಗುವ ಶಕ್ತಿಯೂ ಏರುತ್ತದೆ.

ಲೇಸರ್ ಕರೆಂಟನ್ನು ಏರಿಳಿಸಿ ಶಕ್ತಿ ಬದಲಿಸಬೇಡಿ, ತರಂಗಾಂತರವೂ ಜೊತೆಗೇ ಜಾರುತ್ತದೆ. ಹೊರಗಿನ ಮಾಡ್ಯುಲೇಟರ್‌ಗೆ (ಬೆಳಕಿನ ಶಕ್ತಿಯನ್ನು ಏರಿಳಿಸುವ ಸಾಧನ) 50 ಹರ್ಟ್ಸ್ ತ್ರಿಕೋನ ತರಂಗ ಕೊಡಿ. ಬೆಳಕನ್ನು ವರ್ಧಿಸುವ ಅರ್ಬಿಯಂ ಆಂಪ್ಲಿಫೈಯರ್ ಬಳಸುವುದಾದರೆ ಅದು ಮಾಡ್ಯುಲೇಟರ್‌ಗೆ ಮುಂಚೆಯೇ ಇರಲಿ: ಅರ್ಬಿಯಂನ ಸ್ಪಂದನ ಮಿಲಿಸೆಕೆಂಡುಗಳದ್ದು, ನಂತರ ಇಟ್ಟರೆ ಏರಿಳಿತದ ಆಕಾರವನ್ನೇ ಕೆಡಿಸುತ್ತದೆ. ಒಳಹೋಗುವ ಬೆಳಕಿನ 1 ಶೇಕಡಾ ಕವಲೊಡೆಸಿ, ಅದನ್ನೂ ಹೊರಬರುವ ಬೆಳಕನ್ನೂ ಆಸಿಲೋಸ್ಕೋಪಿನ ಎಕ್ಸ್-ವೈ ಕ್ರಮದಲ್ಲಿ (ಒಂದರ ಎದುರು ಇನ್ನೊಂದು) ನೋಡಿ. ನೇರ ಪೋರ್ಟ್‌ನಲ್ಲಿ (ರಿಂಗ್ ಪಕ್ಕದ ವೇವ್‌ಗೈಡ್‌ನ ಹೊರತುದಿ) ಶಕ್ತಿ ಏರುವಾಗ ಒಂದು ಬಿಂದುವಿನಲ್ಲಿ ಹೊರಬೆಳಕು ಥಟ್ಟನೆ ಕುಸಿಯಬೇಕು. ಇಳಿಯುವಾಗ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಮೇಲಕ್ಕೆ ಜಿಗಿಯಬೇಕು.

ಕುಣಿಕೆ ಕಂಡೊಡನೆ ನಂಬಬೇಡಿ. ಎರಡು ಡಿಟೆಕ್ಟರ್‌ಗಳ ವೇಗ ಬೇರೆಯಾದರೂ ಕುಣಿಕೆ ತೆರೆದುಕೊಳ್ಳುತ್ತದೆ. ಲೇಸರನ್ನು ಅನುರಣನದಿಂದ 2 ನ್ಯಾನೋಮೀಟರ್ ದೂರ ಒಯ್ಯಿರಿ. ಆಗ ಉಳಿಯಬೇಕಾದದ್ದು ಒಂದೇ ನೇರ ಗೆರೆ. ಈ ಪರೀಕ್ಷೆಯನ್ನು ಎಂದೂ ಬಿಡಬಾರದು. ಮೂಲ ಶಾಖವೇ ಎಂದು ತಿಳಿಯಲು ತ್ರಿಕೋನ ತರಂಗದ ಆವರ್ತನವನ್ನು ನೂರಾರು ಕಿಲೋಹರ್ಟ್ಸ್‌ವರೆಗೆ ಏರಿಸಿ: ಶಾಖ ಮೈಕ್ರೋಸೆಕೆಂಡುಗಳಲ್ಲಿ ಸ್ಪಂದಿಸುವುದರಿಂದ ಜಿಗಿತದ ಬಿಂದುಗಳು ಸ್ಥಳ ಬದಲಿಸುತ್ತವೆ.

ಕುಣಿಕೆಯ ಕೆಳಗೆರೆ ದಪ್ಪಗಾಗಿ ಮಸುಕಾದರೆ ಅದು ಬರೀ ಗದ್ದಲವಲ್ಲದಿರಬಹುದು. ವಾಹಕಗಳೂ ಶಾಖವೂ ಎದುರುಬದುರಾಗಿ ಎಳೆದಾಡಿ ರಿಂಗ್ ತಾನಾಗಿಯೇ ಮೆಗಾಹರ್ಟ್ಸ್ ಮಟ್ಟದಲ್ಲಿ ಮಿಡಿಯುತ್ತಿರಬಹುದು. ವೇಗದ ಡಿಟೆಕ್ಟರ್ ಹಾಕಿ ಖಚಿತಪಡಿಸಿಕೊಂಡು, ಮಿಡಿತ ನಿಲ್ಲುವವರೆಗೆ ಶಕ್ತಿ ತಗ್ಗಿಸಿ.