ತೀರ್ಥೋದ್ಭವಕ್ಕೆ ನಾಲ್ಕೂವರೆ, ಪುತ್ತರಿಗೆ ಐದೂವರೆ: ಲಂಡನ್ ಸಮಯ ಲೆಕ್ಕ ಹಾಕುವುದು ಹೇಗೆ?

ನಮ್ಮ ಪಕ್ಕದ ತೋಟದ ಮನೆಯ ಹುಡುಗಿಗೆ ಲಂಡನ್ನಿನ ಒಂದು ಕಂಪನಿಯಿಂದ ವಿಡಿಯೊ ಸಂದರ್ಶನಕ್ಕೆ ಕರೆ ಬಂದಿತ್ತು. 2025ರ ಅಕ್ಟೋಬರ್ 27, ಸೋಮವಾರ, ಲಂಡನ್ ಸಮಯ ಬೆಳಿಗ್ಗೆ 10. ಹಿಂದಿನ ಶುಕ್ರವಾರವೇ ಅವಳು ಲೆಕ್ಕ ಹಾಕಿಟ್ಟಿದ್ದಳು: ನಾಲ್ಕೂವರೆ ಗಂಟೆ ವ್ಯತ್ಯಾಸ, ನಮಗೆ ಮಧ್ಯಾಹ್ನ 2:30. ಆ ಮನೆಯಲ್ಲಿ ಸಿಗ್ನಲ್ ನಿಲ್ಲುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಕುರ್ಚಿ, ಸ್ಟೂಲು ಹಾಕಿಕೊಂಡು, ನಾಯಿಯನ್ನು ಹಿಂದೆ ಕಟ್ಟಿಸಿ, 3:10ರವರೆಗೆ ಕಾದಳು. ಯಾರೂ ಬರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸರಿಯಾಗಿ 3:30ಕ್ಕೆ ಅವರು ಬಂದರು, ಇವಳಿಗಾಗಿ ಕಾದರು, ಹೋದರು. ಭಾನುವಾರ ಬೆಳಗಿನ ಜಾವ ಲಂಡನ್ನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು.

ಶುಕ್ರವಾರದ ಲೆಕ್ಕ ಶುಕ್ರವಾರಕ್ಕೆ ಸರಿಯಾಗಿಯೇ ಇತ್ತು. ಸೋಮವಾರಕ್ಕೆ ಅದು ಸಲ್ಲಲಿಲ್ಲ, ಅಷ್ಟೇ. ಇದೇ ಎಡವಟ್ಟನ್ನು ನಾನು ಮದುವೆ ಮಾತುಕತೆಯ ಫೋನಿನಲ್ಲಿ ನೋಡಿದ್ದೇನೆ, ಕಾಲೇಜಿನ ಅರ್ಜಿಯಲ್ಲಿ ನೋಡಿದ್ದೇನೆ, ಕಾಫಿ ರೇಟು ನೋಡುವವರಲ್ಲಿ ವರ್ಷಕ್ಕೆರಡು ಸಲ ತಪ್ಪದೆ ನೋಡುತ್ತೇನೆ. ಕೊಡಗಿನಲ್ಲಿ ಹೊರದೇಶದಲ್ಲಿ ಒಬ್ಬರಾದರೂ ಇರುವ ಮನೆಗಳು ಎಷ್ಟೊಂದು. ಯಾರೂ ಇಲ್ಲದ ಮನೆಯಲ್ಲೂ ರೊಬಸ್ಟಾ ಕಾಫಿ ಇದ್ದರೆ ಲಂಡನ್ ಇದ್ದ ಹಾಗೆಯೇ, ಅದರ ರೇಟು ನೋಡುವುದು ಲಂಡನ್ ಮಾರುಕಟ್ಟೆಯಲ್ಲಿ. ಹಾಗಾಗಿ ಈ ಲೆಕ್ಕವನ್ನು ಒಮ್ಮೆ ಸರಿಯಾಗಿ ಕಲಿತುಬಿಡೋಣ.

ಹಂತ 1: ನಮ್ಮ ಸಮಯವನ್ನು 24 ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳಿ

ರಾತ್ರಿ 8:40 ಅಂದರೆ 20:40. ಇಷ್ಟೇ. ಬಾಯಲ್ಲೇ ಲೆಕ್ಕ ಹಾಕಬೇಡಿ, ಕಾಗದ ತೆಗೆದುಕೊಳ್ಳಿ.

ನಮ್ಮ ಗಡಿಯಾರ ವರ್ಷವಿಡೀ ಅಲ್ಲಾಡುವುದಿಲ್ಲ. ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಸೂರ್ಯನನ್ನು ಇಡೀ ದೇಶಕ್ಕೆ ಲೆಕ್ಕ ಹಿಡಿದಿದ್ದಾರೆ. ಲಂಡನ್ನಿನ ಗ್ರೀನಿಚ್ ಸಮಯಕ್ಕಿಂತ (ಜಿಎಂಟಿ) ಐದೂವರೆ ಗಂಟೆ ಮುಂದೆ. ಮಡಿಕೇರಿ ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ, ಒಂದೊಂದು ಡಿಗ್ರಿಗೆ ನಾಲ್ಕು ನಿಮಿಷ. ಅದಕ್ಕೇ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:27ಕ್ಕೆ, 12ಕ್ಕಲ್ಲ. ಗಡಿಯಾರದ ಸಮಯ ಅನ್ನುವುದೇ ಜನ ಕೂಡಿ ಒಪ್ಪಿಕೊಂಡ ಒಂದು ಏರ್ಪಾಡು. ಇದು ಮನಸ್ಸಿಗೆ ಬಂದರೆ ಮುಂದಿನದು ಕಷ್ಟವಲ್ಲ.

ಹಂತ 2: ಲಂಡನ್ನಿನಲ್ಲಿ ಈಗ ಯಾವ ಕಾಲ?

ಎಲ್ಲರೂ ಎಡವುವುದು ಇಲ್ಲೇ. "ಲಂಡನ್‌ಗೂ ನಮಗೂ ಎಷ್ಟು ಗಂಟೆ ವ್ಯತ್ಯಾಸ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ದಿನಾಂಕಕ್ಕೆ ಎಂದು ಮೊದಲು ಹೇಳಬೇಕು. ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ.

ಅವರು ಗಡಿಯಾರ ಯಾಕೆ ತಿರುಗಿಸುತ್ತಾರೆ ಎಂಬುದು ನಮಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಡಿಮೆ, ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಬೇಸಿಗೆಯಲ್ಲಿ ಜನ ಮಲಗಿರುವಾಗಲೇ ಬೆಳಗಾಗಿ ಬೆಳಕು ವ್ಯರ್ಥವಾಗುತ್ತದೆಂದು, ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟು ಆ ಬೆಳಕನ್ನು ಸಂಜೆಗೆ ಸೇರಿಸಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಇದು ಕಾನೂನಾದದ್ದು 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ.

ನಿಯಮ ಸರಳ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ. 2026ರಲ್ಲಿ ಮಾರ್ಚ್ 29 ಮತ್ತು ಅಕ್ಟೋಬರ್ 25. ಎರಡೂ ಸಲ ಬದಲಾಗುವ ಗಳಿಗೆ ನಮಗೆ ಬೆಳಿಗ್ಗೆ 6:30.

ಇನ್ನು "ಮುಂದಕ್ಕೆ" ಎಂಬ ಮಾತು. ನಮ್ಮ ಕನ್ನಡದಲ್ಲೇ ಇದು ಅರ್ಧ ಗೊಂದಲ ಹುಟ್ಟಿಸುತ್ತದೆ. ಸಭೆ ಮುಂದಕ್ಕೆ ಹೋಯಿತು ಅಂದರೆ ನಮಗೆ ತಡವಾಯಿತೆಂದು ಅರ್ಥ. ಗಡಿಯಾರ ಮುಂದಕ್ಕೆ ಹೋದರೆ ಆಗುವುದು ಅದರ ತದ್ವಿರುದ್ಧ. ಲಂಡನ್ನಿನ ಬೆಳಿಗ್ಗೆ 10 ಗಂಟೆ ಚಳಿಗಾಲದಲ್ಲಿ ನಮಗೆ 3:30ಕ್ಕೆ ಬರುತ್ತದೆ. ಅವರು ಗಡಿಯಾರ ಮುಂದಿಟ್ಟ ಮೇಲೆ 2:30ಕ್ಕೇ ಬಂದುಬಿಡುತ್ತದೆ. ಹಾಗಾಗಿ ಮಾರ್ಚ್‌ನಲ್ಲಿ ಮರೆತವರು ಒಂದು ಗಂಟೆ ತಡವಾಗಿ ಹೋಗುತ್ತಾರೆ, ಅಕ್ಟೋಬರಿನಲ್ಲಿ ಮರೆತವರು ಒಂದು ಗಂಟೆ ಮೊದಲೇ ಹೋಗಿ ಕೂರುತ್ತಾರೆ. ಮೊದಲೇ ಕೂತವರು ಕಾದರೆ ಕೆಲಸ ಉಳಿಯುತ್ತದೆ. ಆದ್ದರಿಂದ ಅಕ್ಟೋಬರ್ ಕೊನೆಯ ವಾರದಲ್ಲಿ ಯಾರೂ ಬರಲಿಲ್ಲವೆಂದು ಎದ್ದು ಹೋಗಬೇಡಿ. ಪೂರ್ತಿ ಒಂದು ಗಂಟೆ ಕೂರಿ.

ದಿನಾಂಕ ನೆನಪಿಟ್ಟುಕೊಳ್ಳಲು ಕೊಡಗಿನವರಿಗೆ ನಾನು ಹೇಳಿಕೊಡುವ ದಾರಿ ಇದು. ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರ್ 17 ಇಲ್ಲವೇ 18. ತಿಂಗಳ ಕೊನೆಯ ಭಾನುವಾರ 25ಕ್ಕಿಂತ ಮೊದಲು ಬರುವುದೇ ಇಲ್ಲ. ಹಾಗಾಗಿ ತೀರ್ಥೋದ್ಭವಕ್ಕೆ ಲಂಡನ್ ಯಾವಾಗಲೂ ಬೇಸಿಗೆ ಸಮಯದಲ್ಲೇ ಇರುತ್ತದೆ: ನಾಲ್ಕೂವರೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರುವಷ್ಟರಲ್ಲಿ ಗಡಿಯಾರ ತಿರುಗಿರುತ್ತದೆ: ಐದೂವರೆ. ಶಿವರಾತ್ರಿಗೂ ಐದೂವರೆ. ಏಪ್ರಿಲ್‌ನ ಹೊಸ ವರ್ಷ ಎಡಮ್ಯಾರ್, ಸೆಪ್ಟೆಂಬರಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಎರಡಕ್ಕೂ ನಾಲ್ಕೂವರೆ. ಹಬ್ಬ ನೆನಪಿದ್ದರೆ ಲೆಕ್ಕ ನೆನಪಿರುತ್ತದೆ.

ಹಂತ 3: ಕಳೆಯಿರಿ

ನಮ್ಮ ಸಮಯದಿಂದ ಆ ವ್ಯತ್ಯಾಸ ಕಳೆದರೆ ಲಂಡನ್ ಸಮಯ. ಲಂಡನ್ ಸಮಯ ಕೊಟ್ಟಿದ್ದರೆ ಅದಕ್ಕೆ ಕೂಡಿಸಿ. ಕಳೆಯುವುದು ಎಲ್ಲರಿಗೂ ಗೊತ್ತು. ಅರ್ಧ ಗಂಟೆ ಕಾಡಿದರೆ ಐದೂವರೆಯ ಬದಲು ಆರು ಕಳೆದು ಅರ್ಧ ಕೂಡಿಸಿ.

ಚಳಿಗಾಲಕ್ಕೆ ಇನ್ನೊಂದು ಹಳೆಯ ಉಪಾಯವಿದೆ. ಮುಳ್ಳಿನ ಕೈಗಡಿಯಾರ ಬಿಚ್ಚಿ ತಲೆಕೆಳಗು ಹಿಡಿಯಿರಿ. ಇಲ್ಲಿ 3 ಗಂಟೆ ಆಗಿದ್ದರೆ, 12ರ ಮೇಲಿದ್ದ ನಿಮಿಷದ ಮುಳ್ಳು ಕೆಳಗೆ ಬಂದು ಅರ್ಧ ತೋರಿಸುತ್ತದೆ, ಗಂಟೆಯ ಮುಳ್ಳು 9ರ ಜಾಗಕ್ಕೆ ಹೋಗುತ್ತದೆ. ಒಂಬತ್ತೂವರೆ, ಅದೇ ಲಂಡನ್. ಗಂಟೆಯ ಮುಳ್ಳು ಅರ್ಧ ಮನೆ ಆಚೀಚೆ ನಿಂತಂತೆ ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಅಂಕಿಗಳಿಲ್ಲದ, ಬರೀ ಗೀಟುಗಳಿರುವ ವಾಚಿನಲ್ಲಿ ಇದು ಚೆನ್ನಾಗಿ ಓದಲು ಬರುತ್ತದೆ. ಆದರೆ ಬೇಸಿಗೆಯಲ್ಲಿ ಈ ಉಪಾಯ ಒಂದು ಗಂಟೆ ಕಡಿಮೆ ತೋರಿಸುತ್ತದೆ.

ಹಂತ 4: ದಿನಾಂಕವನ್ನೂ ಬರೆಯಿರಿ

ನಮ್ಮ ಬೆಳಿಗ್ಗೆ 4ಕ್ಕೆ ಲಂಡನ್ನಿನಲ್ಲಿ ಹಿಂದಿನ ದಿನದ ರಾತ್ರಿ. ಗಂಟೆ ಸರಿ ಹಾಕಿ ದಿನ ತಪ್ಪಿದವರನ್ನು ನೋಡಿದ್ದೇನೆ. ವಿಶ್ವವಿದ್ಯಾಲಯದ ಅರ್ಜಿಗೆ "ಜನವರಿ 15, ಲಂಡನ್ ಸಮಯ 23:59" ಎಂದಿದ್ದರೆ ನಮಗೆ ಅದು 16ರ ಬೆಳಿಗ್ಗೆ 5:29. "ಇನ್ನೂ ಬೆಳಗಿನವರೆಗೆ ಟೈಮಿದೆ" ಎಂದು ಆ ಐದು ಗಂಟೆಯನ್ನು ನಂಬಬೇಡಿ. ಮಳೆಗಾಲವಲ್ಲದಿದ್ದರೂ ನಮ್ಮ ಕಡೆ ರಾತ್ರಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ನಮ್ಮ 15ರ ಸಂಜೆಯೊಳಗೆ ಕಳಿಸಿ ಮುಗಿಸಿ.

ಅಮೆರಿಕ ಸೇರಿಕೊಂಡಾಗ

ನ್ಯೂಯಾರ್ಕ್‌ಗೆ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಕಳೆಯಬೇಕು. ಬಾಯಿಲೆಕ್ಕ ಬೇಕೆಂದರೆ ಬೆಳಿಗ್ಗೆಯನ್ನು ರಾತ್ರಿ ಮಾಡಿ, ರಾತ್ರಿಯನ್ನು ಬೆಳಿಗ್ಗೆ ಮಾಡಿ, ಬೇಸಿಗೆಯಾದರೆ ಎರಡೂವರೆ, ಚಳಿಗಾಲವಾದರೆ ಒಂದೂವರೆ ಕೂಡಿಸಿ. ಪುತ್ತರಿಯ ಕದಿರು ತೆಗೆಯುವ ಮುಹೂರ್ತ ರಾತ್ರಿ 8:40 ಎಂದಿಟ್ಟುಕೊಳ್ಳಿ. ಬೆಳಿಗ್ಗೆ 8:40 ಮಾಡಿ ಒಂದೂವರೆ ಕೂಡಿಸಿದರೆ 10:10. ಅಲ್ಲಿರುವ ಮಗ ಆಫೀಸಿನಿಂದ ಹತ್ತು ನಿಮಿಷ ಹೊರಗೆ ಬಂದರೆ "ಪೊಲಿ ಪೊಲಿ ದೇವಾ" ಕೂಗುವುದನ್ನು ಕೇಳಬಹುದು.

ತೊಂದರೆ ಇರುವುದು ಬೇರೆ ಕಡೆ. ಅಮೆರಿಕ, ಕೆನಡಾದ ಹೆಚ್ಚಿನವರು ಗಡಿಯಾರ ತಿರುಗಿಸುವುದು ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. 2026ರಲ್ಲಿ ಮಾರ್ಚ್ 8 ಮತ್ತು ನವೆಂಬರ್ 1. ಅಂದರೆ ಮಾರ್ಚ್‌ನ ಮೂರು ವಾರ, ಅಕ್ಟೋಬರ್ ಕೊನೆಯ ಒಂದು ವಾರ, ಲಂಡನ್ ಒಂದು ಕಾಲದಲ್ಲಿ, ನ್ಯೂಯಾರ್ಕ್ ಇನ್ನೊಂದು ಕಾಲದಲ್ಲಿ. ಮಗಳು ಲಂಡನ್, ಮಗ ನ್ಯೂಜೆರ್ಸಿ, ಅಪ್ಪ ಅಮ್ಮ ವಿರಾಜಪೇಟೆ, ಭಾನುವಾರ ಎಲ್ಲರೂ ಸೇರಿ ಮಾತಾಡುವುದು ಎಂದಿರುವ ಮನೆಗಳಲ್ಲಿ ಆ ವಾರಗಳಲ್ಲಿ ಜಗಳವೇ ಆಗುತ್ತದೆ. ಚಳಿಗಾಲವಿಡೀ ನಮ್ಮ ಸಂಜೆ 7:30, ಲಂಡನ್ನಿನ ಮಧ್ಯಾಹ್ನ 2, ಮಗನ ಬೆಳಿಗ್ಗೆ 9. ಮಾರ್ಚ್ 8ರಂದು ಮಗ ತನ್ನ 9 ಗಂಟೆಯನ್ನೇ ಹಿಡಿದರೆ ನಮಗೆ 6:30ಕ್ಕೇ ಫೋನು ಬರುತ್ತದೆ, ಲಂಡನ್ನಿನಲ್ಲಿ ಆಗ 1 ಗಂಟೆ, ಅಕ್ಕ ಊಟಕ್ಕೆ ಕೂತಿರುತ್ತಾಳೆ.

ಇದಕ್ಕೆ ನನ್ನದು ಒಂದೇ ಮಾತು: ಸಮಯ ಗೊತ್ತು ಮಾಡುವುದು ಕೊಡಗಿನ ಗಡಿಯಾರದಲ್ಲಿ. ಮೂರರಲ್ಲಿ ಅಲ್ಲಾಡದೆ ನಿಂತಿರುವುದು ಅದೊಂದೇ. ಮಕ್ಕಳು ತಮ್ಮ ಕಡೆ ಹೊಂದಿಸಿಕೊಳ್ಳಲಿ.

ದುಬೈನವರಿಗೆ ಈ ತಲೆನೋವಿಲ್ಲ, ವರ್ಷವಿಡೀ ನಮಗಿಂತ ಒಂದೂವರೆ ಗಂಟೆ ಹಿಂದೆ. ಸಿಂಗಪುರ ವರ್ಷವಿಡೀ ಎರಡೂವರೆ ಗಂಟೆ ಮುಂದೆ. ಸಿಡ್ನಿಯಲ್ಲಿ ಋತುಗಳೇ ಉಲ್ಟಾ, ಅವರ ಬೇಸಿಗೆ ಸಮಯ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ.

ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಿಸಬಾರದು

ಪಂಚಾಂಗ ನೋಡುವ ಮನೆಯವರು ಇದನ್ನು ಗಮನಿಸಿ. ತೀರ್ಥೋದ್ಭವ ತುಲಾ ಸಂಕ್ರಮಣದ ಗಳಿಗೆ. ಸೂರ್ಯ ತುಲಾ ರಾಶಿಗೆ ಬರುವ ಕ್ಷಣ ಇಡೀ ಲೋಕಕ್ಕೆ ಒಂದೇ. ಅದನ್ನು ಗಡಿಯಾರಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. 2025ರಲ್ಲಿ ಅಕ್ಟೋಬರ್ 17ರ ಮಧ್ಯಾಹ್ನ 1:44ಕ್ಕಿತ್ತು, ಲಂಡನ್ನಿನಲ್ಲಿ ಆಗ ಬೆಳಿಗ್ಗೆ 9:14. 2024ರಲ್ಲಿ 17ರ ಬೆಳಿಗ್ಗೆ 7:40ಕ್ಕಿತ್ತು, ನ್ಯೂಯಾರ್ಕ್‌ನಲ್ಲಿ ಇನ್ನೂ 16ರ ರಾತ್ರಿ 10:10. ಅಲ್ಲಿದ್ದವರು 17ರ ಬೆಳಿಗ್ಗೆ ಎದ್ದು ಫೋನು ತೆರೆಯುವಷ್ಟರಲ್ಲಿ ಮುಗಿದು ಎಷ್ಟೋ ಹೊತ್ತಾಗಿತ್ತು.

ರಾಹುಕಾಲ ಹಾಗಲ್ಲ. ಅದು ಆಯಾ ಊರಿನ ಸೂರ್ಯೋದಯ, ಸೂರ್ಯಾಸ್ತದಿಂದ ಎಣಿಸುವುದು. ಮಡಿಕೇರಿಯ ರಾಹುಕಾಲದಿಂದ ಐದೂವರೆ ಕಳೆದು ಲಂಡನ್ನಿನ ಮಗಳಿಗೆ ಕಳಿಸಿದರೆ ಅದು ಯಾವ ಊರಿನದೂ ಅಲ್ಲ. ಅವಳ ಊರಿನ ಉದಯಾಸ್ತ ಹಿಡಿದೇ ಲೆಕ್ಕ ಹಾಕಬೇಕು.

ಫೋನು, ಗೋಡೆ ಗಡಿಯಾರ, ಡೈರಿ

ಫೋನಿನ ವರ್ಲ್ಡ್ ಕ್ಲಾಕ್‌ನಲ್ಲಿ "ಲಂಡನ್" ಎಂದು ಊರಿನ ಹೆಸರು ಹಾಕಿ. "ಜಿಎಂಟಿ" ಎಂದು ಹಾಕಬೇಡಿ, ಅದು ಬೇಸಿಗೆಯಲ್ಲೂ ಚಳಿಗಾಲದ ಸಮಯವನ್ನೇ ತೋರಿಸುತ್ತದೆ. ವರ್ಲ್ಡ್ ಕ್ಲಾಕ್ ಈ ಹೊತ್ತಿನ ಸಮಯ ತೋರಿಸುತ್ತದೆ, ಮುಂದಿನ ಸೋಮವಾರದ್ದನ್ನಲ್ಲ, ಇದೂ ನೆನಪಿರಲಿ. ಮುಂದಿನ ದಿನಕ್ಕೆ ಕ್ಯಾಲೆಂಡರ್ ಆಪ್‌ನಲ್ಲಿ ಸಮಯವಲಯ ಲಂಡನ್ ಎಂದು ಆರಿಸಿ ನಮೂದಿಸಿದರೆ, ನಮ್ಮ ಗಂಟೆಯನ್ನು ಅದೇ ಸರಿಯಾಗಿ ತೋರಿಸುತ್ತದೆ. ಪಕ್ಕದ ಮನೆಯ ಹುಡುಗಿಗೆ ನಾನು ಆಮೇಲೆ ಕಲಿಸಿಕೊಟ್ಟದ್ದು ಇದನ್ನೇ.

ಡೈರಿಯ ಹಿಂಬದಿಯಲ್ಲಿ ಅಚ್ಚು ಹಾಕುವ ಊರುಗಳ ಸಮಯದ ಪಟ್ಟಿಯನ್ನು ನಂಬಬೇಡಿ. ಹೆಚ್ಚಿನವುಗಳಲ್ಲಿ ಲಂಡನ್ ಎದುರು ಒಂದೇ ಸಂಖ್ಯೆ ಇರುತ್ತದೆ, ವರ್ಷದ ಏಳು ತಿಂಗಳು ಅದು ತಪ್ಪು. "ಲಂಡನ್, ನ್ಯೂಯಾರ್ಕ್, ಟೋಕಿಯೊ" ಎಂದು ಬರೆದ ಮೂರು ಗಡಿಯಾರಗಳ ಸೆಟ್ಟನ್ನು ಹೋಂಸ್ಟೇಗೆಂದು ಕೊಳ್ಳುವವರಿದ್ದಾರೆ. ವರ್ಷಕ್ಕೆರಡು ಸಲ ಏಣಿ ಹಾಕಿ ತಿರುಗಿಸುವವರಿದ್ದರೆ ಕೊಳ್ಳಿ, ಇಲ್ಲದಿದ್ದರೆ ಬೇಡ. ಬೆಳಗಿನ ತಿಂಡಿ ಹೊತ್ತಿಗೆ ಅತಿಥಿಗಳು ಅದನ್ನೇ ನೋಡಿ ಮನೆಗೆ ಫೋನು ಮಾಡುತ್ತಾರೆ.

ಕೊನೆಗೆ ಕಾಫಿ

ರೊಬಸ್ಟಾ ವಾಯಿದೆ ವಹಿವಾಟು (ಮುಂದೆ ಕೊಡುವ ಮಾಲಿಗೆ ಈಗಲೇ ಬೆಲೆ ಗೊತ್ತು ಮಾಡಿಕೊಳ್ಳುವುದು) ಲಂಡನ್ ಸಮಯ ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 5:30ಕ್ಕೆ ಮುಚ್ಚುತ್ತದೆ. ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30ರಿಂದ ರಾತ್ರಿ 10, ಚಳಿಗಾಲದಲ್ಲಿ 2:30ರಿಂದ 11. ಅರೇಬಿಕಾ ನ್ಯೂಯಾರ್ಕ್‌ನಲ್ಲಿ, ಅಲ್ಲಿನ ಬೆಳಗಿನ ಜಾವ 4:15ರಿಂದ ಮಧ್ಯಾಹ್ನ 1:30. ಚಳಿಗಾಲದಲ್ಲಿ ಮುಚ್ಚುವುದು ನಮ್ಮ ಸರಿಯಾಗಿ ರಾತ್ರಿ 12ಕ್ಕೆ.

ನಮ್ಮಲ್ಲಿ ಹಣ್ಣು ಕೊಯ್ದು ಕಣದಲ್ಲಿ ಒಣಗಿಸುವ ಕಾಲ ಪೂರ್ತಿ ಲಂಡನ್ನಿನ ಚಳಿಗಾಲದಲ್ಲೇ ಬೀಳುತ್ತದೆ. ಆಗ ಮಧ್ಯಾಹ್ನ 1:30ಕ್ಕೆ ಫೋನು ನೋಡಿ "ಲಂಡನ್ ಇವತ್ತು ಅಲ್ಲಾಡಲೇ ಇಲ್ಲ" ಎಂದು ಹಳೇ ರೇಟಿಗೆ ಒಪ್ಪಿಬಿಡುವವರಿದ್ದಾರೆ. ಅಲ್ಲಿ ಇನ್ನೂ ಬಾಗಿಲೇ ತೆರೆದಿರುವುದಿಲ್ಲ, ಕಾಣಿಸುವುದು ಹಿಂದಿನ ದಿನದ ಮುಕ್ತಾಯದ ಬೆಲೆ. ನವೆಂಬರಿನಿಂದ ಮಾರ್ಚ್‌ವರೆಗೆ ಮಾರುವವರು ನಮ್ಮ ಮಧ್ಯಾಹ್ನ 3 ಗಂಟೆ ದಾಟಿದ ಮೇಲೆ ನೋಡಿ ಮಾತಾಡಿ. ರಾತ್ರಿ ಹನ್ನೆರಡರವರೆಗೆ ಎದ್ದು ಕೂರುವುದು ಬೇಡ. ಮುಚ್ಚಿದ ಬೆಲೆ ಬೆಳಿಗ್ಗೆ ಕಣಕ್ಕೆ ಹೋಗುವ ಮೊದಲು ನೋಡಿದರೂ ಅದೇ ಇರುತ್ತದೆ.