ಶಬ್ದದ ವೇಗವನ್ನು ಕಾರ್ಕ್ ಪುಡಿಯಿಂದ ಅಳೆದ ಬಗೆ: ನನ್ನ ಅನುಭವ

ಕುಂಡ್ಟ್ ಕೊಳವೆಯನ್ನು ಮನೆಯಲ್ಲೇ ಕಟ್ಟಿ, ಶಬ್ದದ ವೇಗವನ್ನು ಶೇಕಡಾ ಒಂದಕ್ಕಿಂತ ಕಡಿಮೆ ದೋಷದಲ್ಲಿ ಅಳೆಯುತ್ತೇನೆ ಎಂದಾಗ, ಇಂಥ ಪ್ರಯೋಗಗಳಲ್ಲಿ ಪಳಗಿದ ನನ್ನ ಗೆಳೆಯರು ಒಪ್ಪಲಿಲ್ಲ. ಕುಂಡ್ಟ್ ಕೊಳವೆ ಎಂದರೆ ಒಳಗೆ ಹಗುರ ಪುಡಿ ಹರಡಿದ, ಒಂದು ತುದಿ ಮುಚ್ಚಿದ ಕೊಳವೆ. ಇನ್ನೊಂದು ತುದಿಯಿಂದ ಸ್ವರ ಹೊಕ್ಕಾಗ, ಗಾಳಿ ಹೆಚ್ಚು ಅಲುಗುವ ಜಾಗಗಳಿಂದ (ಪ್ರಸ್ಪಂದ) ಪುಡಿ ಸರಿದು, ಗಾಳಿ ಅಲುಗದ ಜಾಗಗಳಲ್ಲಿ (ನಿಸ್ಪಂದ) ರಾಶಿಗೂಡುತ್ತದೆ. ಅಕ್ಕಪಕ್ಕದ ಎರಡು ರಾಶಿಗಳ ಅಂತರ ಅರ್ಧ ತರಂಗದೂರ. ಅದರ ಎರಡರಷ್ಟನ್ನು ಸ್ವರದ ಆವೃತ್ತಿಯಿಂದ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ (ಹರ್ಟ್ಸ್) ಎಂಬುದರಿಂದ, ಗುಣಿಸಿದರೆ ಶಬ್ದದ ವೇಗ ಸಿಗುತ್ತದೆ. ಜರ್ಮನ್ ಭೌತವಿಜ್ಞಾನಿ ಆಗಸ್ಟ್ ಕುಂಡ್ಟ್ 1866ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ದಂಡವನ್ನು ಉಜ್ಜಿಯೇ ಸ್ವರ ಹೊರಡಿಸಿದ್ದರು. ಆ ಸ್ವರದ ಬಲ ಮೊಬೈಲಿಗೆ ಜೋಡಿಸಿದ ಸ್ಪೀಕರಿಗೆ ಬಾರದು, ಪುಡಿ ಅಲುಗಾಡುವುದೂ ಇಲ್ಲ ಎಂಬುದು ಅವರ ವಾದವಾಗಿತ್ತು. ಮೊದಲ ನಾಲ್ಕು ತಿಂಗಳು ಅವರ ಮಾತೇ ನಿಜವೆನ್ನುವಂತೆ ಕಂಡಿತು.

ನನ್ನ ಮೊದಲ ತಪ್ಪು ಅಕ್ರಿಲಿಕ್ ಕೊಳವೆ. ಅಗ್ಗವಾಗಿ ಸಿಕ್ಕಿತೆಂದು ಕೊಂಡೆ. ಅದರೊಳಗೆ ಹಾಕಿದ ಥರ್ಮೋಕೋಲ್ ಮಣಿಗಳು ಸ್ಥಿರವಿದ್ಯುತ್ತಿನಿಂದ ಗೋಡೆಗೆ ಅಂಟಿಕೊಂಡು, ಎಷ್ಟೇ ದೊಡ್ಡ ಸ್ವರಕ್ಕೂ ಕದಲಲಿಲ್ಲ. ಟಾಲ್ಕಂ ಪುಡಿ ಗಂಟುಕಟ್ಟಿತು, ನುಣ್ಣನೆಯ ಮರಳು ಭಾರವಾಯಿತು. ಪುಡಿ ಏಳುತ್ತಿಲ್ಲವೆಂದು ನಾನು ಆಂಪ್ಲಿಫೈಯರಿನ ಮಟ್ಟವನ್ನು ಏರಿಸುತ್ತಲೇ ಹೋದೆ. ಅದು ಸ್ವರದ ಅಲೆಯ ತುದಿಗಳನ್ನು ಕತ್ತರಿಸಲು ತೊಡಗಿ, ನಾನು ಕೊಡುತ್ತಿದ್ದ 1000 ಹರ್ಟ್ಸ್ ಜೊತೆಗೆ 3000 ಹರ್ಟ್ಸನ್ನೂ ಹೊರಡಿಸಿದ್ದರಿಂದ, ಸುಮಾರು 6 ಸೆಂಟಿಮೀಟರಿಗೊಂದರಂತೆ ಸುಳ್ಳು ರಾಶಿಗಳು ಮೂಡಿದವು. ಒಂದು ವಾರ ಅವನ್ನೇ ನಿಸ್ಪಂದಗಳೆಂದು ಅಳೆದು, ಅಸಾಧ್ಯವಾದ ಉತ್ತರಗಳನ್ನು ಬರೆದಿಟ್ಟುಕೊಂಡೆ. ಕೊನೆಗೆ ಸ್ಪೀಕರಿನ ಸುರುಳಿಯೇ ಸುಟ್ಟಿತು. ಅದರ ಬದಲು ಕೊಂಡ ಹಾರ್ನ್ ಡ್ರೈವರಿಗೆ (ಧ್ವನಿವರ್ಧಕದ ಕಹಳೆಗೆ ಹಾಕುವ ಸ್ಪೀಕರ್) ಅಲ್ಲಿಯವರೆಗಿನ ಉಳಿದೆಲ್ಲ ಸಾಮಾನಿಗಿಂತ ಹೆಚ್ಚು ಹಣ ಹೋಯಿತು. ಲೈಕೋಪೋಡಿಯಂ (ಒಂದು ಬಗೆಯ ಸಸ್ಯದ ನುಣ್ಣನೆಯ ಬೀಜಕಣ) ಪುಡಿಯ ಸಣ್ಣ ಸೀಸೆಗೆ ಕೊಟ್ಟ ಹಣವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಏಕೆಂದರೆ ಅದನ್ನು ತೆರೆದಿಟ್ಟು ತೇವ ಹಿಡಿಸಿ ಹಾಳುಮಾಡಿದವನು ನಾನೇ.

ಆ ಸೀಸೆಯೇ ನನ್ನ ಕಣ್ಣು ತೆರೆಸಿತು. ಸಮಸ್ಯೆ ಸದ್ದಿನ ಬಲದ್ದಲ್ಲ, ತೇವದ್ದು. ಹಳೆಯ ಕಾರ್ಕ್ ಮುಚ್ಚಳಗಳನ್ನು ಉಪ್ಪುಕಾಗದಕ್ಕೆ ಉಜ್ಜಿ ಪುಡಿ ಮಾಡಿ, ತೆಳುಬಟ್ಟೆಯಲ್ಲಿ ಸೋಸಿ, ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿದೆ. ಅಕ್ರಿಲಿಕ್ ಬಿಟ್ಟು ಒಂದು ಮೀಟರ್ ಉದ್ದ, ಸುಮಾರು 3 ಸೆಂಟಿಮೀಟರ್ ಒಳವ್ಯಾಸದ ಗಾಜಿನ ಕೊಳವೆ ತಂದೆ. ಒಣಗಿದ ಪುಡಿಗೆ ನಾನು ಮಾಡುವ ಇನ್ನೊಂದು ಸಣ್ಣ ಸಂಸ್ಕಾರವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಿವಿಗೆ ಮುಚ್ಚಿಗೆ ಹಾಕಿಕೊಂಡು, ಆವೃತ್ತಿಯನ್ನು 1000 ಹರ್ಟ್ಸಿನಲ್ಲೇ ನಿಲ್ಲಿಸಿ, ಮುಚ್ಚಿದ ತುದಿಯ ಪಿಸ್ಟನ್ನನ್ನು ಮಿಲಿಮೀಟರ್ ಮಿಲಿಮೀಟರಾಗಿ ಸರಿಸುತ್ತಿದ್ದಾಗ, ಒಂದು ಜಾಗದಲ್ಲಿ ಕೊಳವೆಯ ಉದ್ದ ಸ್ವರಕ್ಕೆ ಹೊಂದಿ, ಅನುನಾದ ಕೂಡಿಬಂದು ಪುಡಿ ಒಮ್ಮೆಲೇ ಎದ್ದು ನಿಂತಿತು. ಮೊದಲು ಸುಟ್ಟುಹೋದ ಸ್ಪೀಕರಿಗೆ ಕೊಡುತ್ತಿದ್ದ ಶಕ್ತಿಯ ಕಾಲುಭಾಗವೂ ಬೇಕಾಗಿರಲಿಲ್ಲ.

ಆದರೂ ಮೊದಲ ಲೆಕ್ಕದಲ್ಲಿ ಸೆಕೆಂಡಿಗೆ 320 ಮೀಟರ್ ಬಂತು. ಸ್ಪೀಕರಿನಿಂದ ಪಿಸ್ಟನ್ನಿನವರೆಗಿನ 96 ಸೆಂಟಿಮೀಟರನ್ನು ಪೂರ್ತಿ ಆರು ಅರ್ಧ ತರಂಗದೂರಗಳೆಂದು ಎಣಿಸಿ ಆರರಿಂದ ಭಾಗಿಸಿದ್ದೇ ಕಾರಣ. ಸ್ಪೀಕರಿನ ಪೊರೆ ನಿಸ್ಪಂದದಲ್ಲಿ ಕೂತಿರುವುದಿಲ್ಲವಾದ್ದರಿಂದ ಆ ಬದಿಯ ತುಂಡು ಅರ್ಧ ತರಂಗದೂರಕ್ಕಿಂತ ಗಿಡ್ಡ. ಅದನ್ನು ಕೈಬಿಟ್ಟು ಮೊದಲ ಸ್ಪಷ್ಟ ನಿಸ್ಪಂದದಿಂದ ಕೊನೆಯದರವರೆಗೆ ಮಾತ್ರ ಅಳೆದೆ. ಇನ್ನೊಂದು ತೊಡಕೆಂದರೆ, ರಾಶಿಗಳು ಎರಡು ಬೆರಳಗಲ ಹರಡಿ ನಡುವನ್ನು ಗುರುತಿಸಲಾಗುತ್ತಿರಲಿಲ್ಲ. ಸದ್ದು ಹಚ್ಚುವ ಮೊದಲು ಕೊಳವೆಯನ್ನು ಅದರ ಅಕ್ಷದ ಮೇಲೆ ಸ್ವಲ್ಪ ತಿರುಗಿಸಿ, ಪುಡಿಯ ಗೆರೆ ಜಾರುವ ಅಂಚಿನಲ್ಲಿರುವಂತೆ ಇಟ್ಟರೆ, ಪ್ರಸ್ಪಂದಗಳಲ್ಲಿ ಪುಡಿ ಕೆಳಗೆ ಜಾರಿ, ನಿಸ್ಪಂದಗಳಲ್ಲಿ ಮಾತ್ರ ಚೂಪಾಗಿ ಮೇಲೆ ಉಳಿಯುತ್ತದೆ. ಐದು ಅಂತರಗಳಿಗೆ 86.5 ಸೆಂಟಿಮೀಟರ್ ಸಿಕ್ಕಿತು, ಅಂದರೆ ಸೆಕೆಂಡಿಗೆ 346 ಮೀಟರ್. ಕೋಣೆ 27 ಡಿಗ್ರಿ ಸೆಲ್ಸಿಯಸ್ ಇದ್ದುದರಿಂದ ತೆರೆದ ಗಾಳಿಯಲ್ಲಿ ಸುಮಾರು 347.6 ಬರಬೇಕು. ದೋಷ ಶೇಕಡಾ ಅರ್ಧ. ಅನುಮಾನಿಸಿದವರ ಎದುರಿಗೇ ಮೂರು ಬಾರಿ ಮಾಡಿ ತೋರಿಸಿದ್ದೇನೆ.

ಅಲ್ಲಿಗೆ ಬಿಡಲು ಮನಸ್ಸಾಗದೆ ಇಂಗಾಲದ ಡೈಆಕ್ಸೈಡ್ ತುಂಬಿ ನೋಡಿದೆ. ವಿನೆಗರ್ ಮತ್ತು ಅಡುಗೆ ಸೋಡಾದಿಂದ ಬಂದ ಅನಿಲ ತೇವವನ್ನೂ ಹೊತ್ತು ತಂದು ಎರಡು ಬಾರಿ ನನ್ನ ಪುಡಿಯನ್ನು ಕೆಡಿಸಿತು. ಮೂರನೆಯ ಬಾರಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಮೂಲಕ ಹಾಯಿಸಿದೆ. ರಾಶಿಗಳ ಅಂತರ 13.7 ಸೆಂಟಿಮೀಟರಿಗೆ ಇಳಿದು 274 ಬಂತು. ಶುದ್ಧ ಅನಿಲದಲ್ಲಿ ಸುಮಾರು 270 ಇರಬೇಕು. ಒಂದಿಷ್ಟು ಗಾಳಿ ಒಳಗೇ ಉಳಿದಿತ್ತೆಂದು ಕಾಣುತ್ತದೆ.

ಬೆಳಕಿನ ತರಂಗದೂರವನ್ನೂ ಬಿಡಲಿಲ್ಲ. ಭೌತವಿಜ್ಞಾನಿ ಆರ್ಥರ್ ಷಾಲೋ 1965ರಲ್ಲಿ ವಿವರಿಸಿದಂತೆ, ಅರ್ಧ ಮಿಲಿಮೀಟರ್ ಗೆರೆಗಳಿರುವ ಉಕ್ಕಿನ ಅಳತೆಪಟ್ಟಿಯ ಮೇಲೆ ಕೆಂಪು ಲೇಸರನ್ನು ಬಹಳ ಓರೆಯಾಗಿ ಬೀಳಿಸಿ, ನಾಲ್ಕು ಮೀಟರ್ ದೂರದ ಗೋಡೆಯ ಮೇಲಿನ ಚುಕ್ಕೆಗಳನ್ನು ಅಳೆದಾಗ 660 ನ್ಯಾನೋಮೀಟರ್ ಆಸುಪಾಸು ಸಿಕ್ಕಿತು. ಲೇಸರಿನ ಮೇಲೆ 650 ಎಂದು ನಮೂದಿಸಿತ್ತು. ಇದಕ್ಕೆ ಒಂದು ಸಂಜೆ ಸಾಕಾಯಿತು, ಹೊಸ ಖರ್ಚೂ ಇರಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಗಾಳಿಯ ಅಳತೆಯಲ್ಲಿ 346ಕ್ಕೂ 347.6ಕ್ಕೂ ನಡುವೆ ಉಳಿದಿದ್ದ ಆ ಒಂದೂವರೆ ಮೀಟರಿನ ಕೊರತೆ. ಕೊಳವೆಯ ಗೋಡೆ ಗಾಳಿಯ ಚಲನೆಯನ್ನೂ ಶಾಖವನ್ನೂ ತುಸು ಕದಿಯುವುದರಿಂದ, ಕೊಳವೆ ಕಿರಿದಾದಷ್ಟೂ ವೇಗ ತಗ್ಗಬೇಕು. ಅದನ್ನೇ ಪರೀಕ್ಷಿಸಲೆಂದು 1 ಸೆಂಟಿಮೀಟರ್ ಒಳವ್ಯಾಸದ ಗಾಜನ್ನು ಅದೇ ಆವೃತ್ತಿಗೆ ಜೋಡಿಸಿದಾಗ ವೇಗ ಸುಮಾರು 344ಕ್ಕೆ ಇಳಿಯಿತು.