ನೆನಪಿಗಿಂತ ಮೊದಲು ಲೆಕ್ಕ ತಪ್ಪುತ್ತದೆ: ರಕ್ತನಾಳದ ಮರೆಗುಳಿತನವನ್ನು ಬೇಗ ಗುರುತಿಸುವುದು ಹೇಗೆ?

ಹಿರಿಯರ ಮಂಕುತನವನ್ನು ‘ಅರವತ್ತಕ್ಕೆ ಅರಳುಮರುಳು’ ಎಂದು ತಳ್ಳಿಹಾಕುವ ರೂಢಿ ಕೊಡಗಿನ ಮನೆಗಳಲ್ಲೂ ಇದೆ. ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು ಶೇ 7.4ರಷ್ಟು ಮಂದಿಗೆ ಡಿಮೆನ್ಶಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಅದರ ಬಗೆಗಳಲ್ಲಿ ಅಲ್‌ಝೈಮರ್ ಬಿಟ್ಟರೆ ಹೆಚ್ಚು ಕಾಣುವುದು ವ್ಯಾಸ್ಕುಲರ್ ಡಿಮೆನ್ಶಿಯಾ, ಅಂದರೆ ರಕ್ತನಾಳದ ಮರೆಗುಳಿತನ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಗಡುಸಾಗಿ, ಕಿರಿದಾಗಿ ಅಥವಾ ಕಟ್ಟಿಕೊಂಡು, ಒಂದು ದೊಡ್ಡ ಪಾರ್ಶ್ವವಾಯುವಿನಿಂದಲೋ ಯಾರ ಗಮನಕ್ಕೂ ಬಾರದ ಹಲವು ಸಣ್ಣ ಹೊಡೆತಗಳಿಂದಲೋ ಇದು ಬರುತ್ತದೆ. ಸತ್ತ ಜೀವಕೋಶ ಮರಳಿ ಬಾರದು. ಆದರೆ ಮುಂದಿನ ಹೊಡೆತವನ್ನು ಬಹುಮಟ್ಟಿಗೆ ತಡೆಯಬಹುದು. ಬೇಗ ಗುರುತಿಸುವುದರ ಪ್ರಯೋಜನವೆಲ್ಲ ಇರುವುದು ಅಲ್ಲಿಯೇ.

ಮೊದಲು ಅಪಾಯದ ಪಟ್ಟಿ ಬರೆಯಿರಿ

ಮನೆಯಲ್ಲಿ 40 ದಾಟಿದ ಪ್ರತಿಯೊಬ್ಬರ ಹೆಸರಿನ ಮುಂದೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ಧೂಮಪಾನ, ತೂಕ ಮತ್ತು ಹೃದಯ ಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇವುಗಳಲ್ಲಿ ಯಾವುದಿದೆ ಎಂದು ಗುರುತು ಹಾಕಿ. ಹಿಂದೆ ಪಾರ್ಶ್ವವಾಯು ಆಗಿದ್ದರೆ, ಅಥವಾ ಕೆಲವೇ ನಿಮಿಷ ಕೈ ಸೋತು, ಮಾತು ತೊದಲಿ ತಾನಾಗಿ ಸರಿಹೋಗಿದ್ದರೆ ಅದನ್ನೂ ಸೇರಿಸಿ. ಮೊದಲ ಪಾರ್ಶ್ವವಾಯುವಿನ ನಂತರ ಹತ್ತರಲ್ಲಿ ಒಬ್ಬರಿಗೆ ಹೊಸದಾಗಿ ಮರೆಗುಳಿತನ ಬರುತ್ತದೆ. ಹೊಡೆತ ಮರುಕಳಿಸಿದವರಲ್ಲಿ ಆ ಪ್ರಮಾಣ ಮೂರರಲ್ಲಿ ಒಬ್ಬರನ್ನೂ ಮೀರುತ್ತದೆ.

ಇಲ್ಲಿನ ಬದುಕಿನ ರೀತಿಯನ್ನೂ ಮುಚ್ಚುಮರೆಯಿಲ್ಲದೆ ನೋಡಬೇಕು. ಮದುವೆ, ಹಬ್ಬಗಳ ಮದ್ಯ ಒಂದು ಮಾತು, ಪ್ರತಿ ಸಂಜೆಯ ಪೆಗ್ಗು ಇನ್ನೊಂದು ಮಾತು. ಮಳೆಗಾಲದ ಊಟಕ್ಕೆ ಬರುವ ಒಣಮೀನು, ಉಪ್ಪಿನಕಾಯಿಗಳಲ್ಲಿ ಉಪ್ಪು ಯಥೇಚ್ಛ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಓಡಾಟ ನಿಂತು, ಅನೇಕ ಹಿರಿಯರು ಒಲೆಯ ಬಳಿಯೇ ಕಾಲ ಕಳೆಯುತ್ತಾರೆ. ಕುಂದಿದ ಕಿವಿ ಮತ್ತು ಚಿಕಿತ್ಸೆ ಕಾಣದ ಖಿನ್ನತೆಯೂ ಮರೆಗುಳಿತನದ ಅಪಾಯವನ್ನು ಹೆಚ್ಚಿಸುತ್ತವೆ.

ಬಿಪಿ ಅಳೆಯುವುದನ್ನು ಸರಿಯಾಗಿ ಕಲಿಯಿರಿ

ಈ ಕಾಯಿಲೆಯನ್ನು ತಡೆಯಲು ಮನೆಗೆ ತರಬಹುದಾದ ಉಪಕರಣ ಒಂದೇ ಎಂದರೆ ಅದು ತೋಳಿಗೆ ಕಟ್ಟುವ ಬಿಪಿ ಯಂತ್ರ. ತೋಟದ ಏರು ಹತ್ತಿ ಬಂದ ತಕ್ಷಣವಾಗಲಿ ಬೆಲ್ಲದ ಕಾಫಿ ಕುಡಿದ ಅರ್ಧ ಗಂಟೆಯೊಳಗಾಗಲಿ ಅಳೆದರೆ ಸಂಖ್ಯೆ ದಾರಿ ತಪ್ಪಿಸುತ್ತದೆ. ಬೆನ್ನಿಗೆ ಒರಗು ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಮಾತಾಡದೆ ಐದು ನಿಮಿಷ ಕುಳಿತ ಮೇಲೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಒಂದು ವಾರ ಬೆಳಿಗ್ಗೆ, ಸಂಜೆ ಹೀಗೆ ಬರೆದಿಟ್ಟ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣಬೇಕು.

‘ಬಿಪಿ ನಾರ್ಮಲ್ ಆಯಿತು, ಮಾತ್ರೆ ಬಿಟ್ಟೆ’ ಎನ್ನುವವರು ಊರಿಗೊಬ್ಬರಾದರೂ ಇರುತ್ತಾರೆ. ನಾರ್ಮಲ್ ಆದದ್ದು ಮಾತ್ರೆಯಿಂದಲೇ. ಅಮೆರಿಕದ ಸ್ಪ್ರಿಂಟ್ ಅಧ್ಯಯನದ 2019ರ ವರದಿಯಂತೆ, ಮೇಲಿನ ಸಂಖ್ಯೆಯನ್ನು 120ಕ್ಕಿಂತ ಕೆಳಗಿಡುವ ಗುರಿಯೊಡನೆ ಚಿಕಿತ್ಸೆ ಪಡೆದವರಲ್ಲಿ ಬುದ್ಧಿಶಕ್ತಿಯ ಆರಂಭಿಕ ಕುಂದು, 140ರ ಗುರಿಯವರಿಗಿಂತ ಕಡಿಮೆ ಕಂಡಿತು. ಹಾಗೆಂದು ಎದ್ದರೆ ತಲೆಸುತ್ತಿ ಬೀಳುವ ವೃದ್ಧರಿಗೆ ಅಷ್ಟು ಇಳಿಸಬಾರದು. ಯಾರಿಗೆ ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಏನನ್ನು ಗಮನಿಸಬೇಕು?

ಹೆಸರು ಮರೆಯುವುದನ್ನೇ ಕಾಯುತ್ತ ಕೂತರೆ ಈ ಕಾಯಿಲೆ ಕೈತಪ್ಪುತ್ತದೆ. ಇದರಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಯೋಚನೆಯ ವೇಗ, ಗಮನ ಮತ್ತು ಕೆಲಸವನ್ನು ಹಂತ ಹಂತವಾಗಿ ಯೋಜಿಸುವ ಶಕ್ತಿ. ವರ್ಷಗಟ್ಟಲೆ ಚೆಕ್‌ರೋಲ್ (ಕೆಲಸದವರ ಹಾಜರಿ, ಕೂಲಿಯ ಪುಸ್ತಕ) ನೋಡಿ ಅರ್ಧ ಗಂಟೆಯಲ್ಲಿ ಬಟವಾಡೆ ಮುಗಿಸುತ್ತಿದ್ದ ಬೆಳೆಗಾರರೊಬ್ಬರು ಈಗ ಇಡೀ ಸಂಜೆ ಅದೇ ಪುಟದ ಮೇಲೆ ಬೆರಳಿಟ್ಟು ಕೂರುತ್ತಾರೆ, ಮುಂಗಡ ಕಳೆಯಲು ಮರೆತು ಮತ್ತೆ ಮೇಲಿನಿಂದ ಕೂಡುತ್ತಾರೆ ಎಂದುಕೊಳ್ಳಿ. ಕೆಲಸದವರ ಹೆಸರಷ್ಟೇ ಅಲ್ಲ, ಅವರ ಮಕ್ಕಳ ಹೆಸರೂ ಅವರಿಗೆ ನೆನಪಿರುತ್ತದೆ. ಆದ್ದರಿಂದಲೇ ಮನೆಯವರು ‘ನೆನಪು ಚೆನ್ನಾಗಿಯೇ ಇದೆ’ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಮೆಣಸು ಕೊಯ್ಯಿಸುವುದು ಮೊದಲೋ ಕಾಫಿ ಹಣ್ಣು ಬಿಡಿಸುವುದು ಮೊದಲೋ ಎಂದು ತೀರ್ಮಾನಿಸಲಾಗದೆ ತಡವರಿಸುವುದೂ ಇದೇ ಬಗೆಯ ಚಿಹ್ನೆ.

ಕಾಲಿನ ಕಡೆಗೂ ಕಣ್ಣಿರಲಿ. ಹೆಜ್ಜೆ ಚಿಕ್ಕದಾಗುವುದು, ಪಾದ ನೆಲಕ್ಕೆ ಅಂಟಿದಂತೆ ಎಳೆಯುವುದು, ಮೂತ್ರಕ್ಕೆ ಅವಸರವಾಗುವುದು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಕಾರಣವಿಲ್ಲದೆ ಅಳು ಅಥವಾ ನಗು ಉಕ್ಕುವುದು ಇವು ಒಟ್ಟಾಗಿ ಕಂಡರೆ ವಯಸ್ಸಿನ ತಲೆಗೆ ಕಟ್ಟಬೇಡಿ. ಕೆಲವು ತಿಂಗಳು ಹಾಗೆಯೇ ಇದ್ದು ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಕುಸಿಯುವುದು ಈ ಕಾಯಿಲೆಯ ಸ್ವಭಾವಗಳಲ್ಲೊಂದು, ಎಲ್ಲರಲ್ಲೂ ಹಾಗಾಗದಿದ್ದರೂ. ಫೋನಿನಲ್ಲಿ ಇದು ಯಾವುದೂ ತಿಳಿಯುವುದಿಲ್ಲ. ಬೆಂಗಳೂರಿನಿಂದ ಪುತ್ತರಿ ಹಬ್ಬಕ್ಕೆ ಬಂದ ಮಕ್ಕಳು ಕಂಡ ಬದಲಾವಣೆಯನ್ನು ದಿನಾಂಕ ಸಹಿತ ಬರೆದಿಟ್ಟರೆ ಅದು ವೈದ್ಯರಿಗೆ ಸ್ಕ್ಯಾನಿನಷ್ಟೇ ಉಪಯುಕ್ತ.

ಮುಖ ಓರೆಯಾಗುವುದು, ಕೈ ಬೀಳುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದೊಂದು ಇದ್ದಕ್ಕಿದ್ದಂತೆ ಆದರೂ ಅದು ಪಾರ್ಶ್ವವಾಯು ಇರಬಹುದು, ಕಾದು ನೋಡುವ ಸಂಗತಿಯಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿಯಿದೆ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ತಿಳಿದಿಟ್ಟು, ಆ ಹೊತ್ತಿಗೆ 108ಕ್ಕೆ ಕರೆ ಮಾಡಿ.

ವೈದ್ಯರ ಬಳಿ

ಬಿಪಿ ಪುಸ್ತಕ, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳು, ಕನ್ನಡಕ, ಕಿವಿಯ ಯಂತ್ರ ಜೊತೆಗಿರಲಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆ ಮಾತ್ರೆ ಇವೂ ಮಂಕು ಕವಿಸುತ್ತವೆ, ಇವನ್ನು ಸರಿಪಡಿಸಬಹುದು. ಎರಡು ಮೂರು ದಿನಗಳಲ್ಲೇ ಗೊಂದಲ ಹೆಚ್ಚಿದ್ದರೆ ಮೂತ್ರದ ಸೋಂಕಿನಂತಹ ಕಾರಣವನ್ನು ಮೊದಲು ಹುಡುಕಬೇಕಾಗುತ್ತದೆ. ರಕ್ತಪರೀಕ್ಷೆ, ಇಸಿಜಿ, ನಂತರ ಅಗತ್ಯವಿದ್ದರೆ ಎಂಆರ್‌ಐ ಎಂಬುದು ವಾಡಿಕೆಯ ಕ್ರಮ. ಎಂಆರ್‌ಐನಲ್ಲಿ ಬಿಳಿ ಮಚ್ಚೆಗಳು ಕಂಡ ಮಾತ್ರಕ್ಕೆ ಗಾಬರಿ ಬೇಡ. ಆರೋಗ್ಯವಾಗಿರುವ ಅನೇಕ ವೃದ್ಧರಲ್ಲೂ ಅವು ಇರುತ್ತವೆ.

ಗಡಿಯಾರ ಬರೆಸುವ, ಪದ ಹೇಳಿಸುವ ಬುದ್ಧಿಶಕ್ತಿ ಪರೀಕ್ಷೆಗಳು ಕನ್ನಡದಲ್ಲಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷಾ ಸಮುಚ್ಚಯದಲ್ಲೂ ಕನ್ನಡವಿದೆ. ಆದರೆ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಅಥವಾ ಯರವ ಭಾಷೆ ಆಡುವವರು, ಶಾಲೆಯನ್ನೇ ಕಾಣದವರು ಅದರಲ್ಲಿ ಕಡಿಮೆ ಅಂಕ ಪಡೆದರೆ ಅದು ಕಾಯಿಲೆಯೇ ಆಗಿರಬೇಕಿಲ್ಲ. ಎಷ್ಟು ಓದಿದ್ದಾರೆ, ಯಾವ ಭಾಷೆಯಲ್ಲಿ ಯೋಚಿಸುತ್ತಾರೆ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿಬಿಡಿ.

ಕಾಯಿಲೆ ಖಚಿತವಾದರೆ

ಮಿದುಳಿನ ಹಾನಿಯನ್ನು ಹಿಂದಿರುಗಿಸುವ ಮಾತ್ರೆ ಇಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಹತೋಟಿ, ಸಿಗರೇಟು ಬಿಡುವುದು, ನಡಿಗೆ ಇವೇ ಚಿಕಿತ್ಸೆಯ ಬೆನ್ನೆಲುಬು. ಆಸ್ಪಿರಿನ್ ಅನ್ನು ನೆರೆಯವರ ಮಾತಿಗೆ ನುಂಗಬೇಡಿ, ರಕ್ತಸ್ರಾವದ ಅಪಾಯವಿದೆ. ನೋಡಿಕೊಳ್ಳುವವರು ದಣಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಕೊಡಗಿಗೆಂದೇ ಒಂದು ಮಾತು ಸೇರಿಸಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂ ಹಿಡುವಳಿ) ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಇಲ್ಲಿನ ಅನೇಕ ಮನೆಗಳಲ್ಲಿ ಕೋವಿಯಿದೆ. ವಿವೇಚನೆ ಕುಂದುತ್ತಿರುವವರ ಕೈಗೆ ಕೋವಿಯೂ ಮದ್ದುಗುಂಡುಗಳೂ ಸಿಗದಂತೆ ಬೀಗ ಹಾಕಿ, ಕೀಲಿಯನ್ನು ಇನ್ನೊಬ್ಬರು ಇಟ್ಟುಕೊಳ್ಳಬೇಕು. ಜೀಪು ಓಡಿಸುವುದು, ಬ್ಯಾಂಕಿನ ಸಹಿ, ತೋಟದ ಕಾಗದಪತ್ರಗಳ ಬಗ್ಗೆಯೂ ಅವರು ಇನ್ನೂ ತಿಳಿದು ನಿರ್ಧರಿಸಬಲ್ಲ ಹಂತದಲ್ಲೇ ಅವರೊಡನೆ ಕುಳಿತು ಮಾತಾಡಿ, ಮುಂದೆ ವ್ಯವಹಾರ ಯಾರು ನೋಡಿಕೊಳ್ಳಬೇಕೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಸಿಡಿ.